ಗ್ರೇಟ್ ಓಷನ್ ರೋಡ್‌ಗೆ ಒಂದು ದಿನದ ಪ್ರವಾಸ: ಚಳಿಗಾಲದಲ್ಲಿ ಹೋಗುವವರು ಗಮನಿಸಿ

ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಗ್ರೇಟ್ ಓಷನ್ ರೋಡ್ ಎಂಬ ಕರಾವಳಿ ರಸ್ತೆಗೆ ಒಂದು ದಿನದ ಬಸ್ ಪ್ರವಾಸ ಹೋಗುವ ಯೋಚನೆಯಿದ್ದರೆ, ಅದೂ ಅಲ್ಲಿ ಚಳಿಗಾಲವಾದ ಜೂನ್, ಜುಲೈಯಲ್ಲಿ, ಹಣ ಕಟ್ಟುವ ಮೊದಲು ಇದನ್ನು ಓದಿ. ಜೂನ್ ಕೊನೆಯ ವಾರ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ 7ಕ್ಕೆ ಬಸ್ ಹತ್ತಿ ರಾತ್ರಿ 9.15ಕ್ಕೆ ಇಳಿದೆವು. ನೋಡಲೆಂದೇ ಹೋಗಿದ್ದ, ಕಡಲಲ್ಲಿ ಎದ್ದು ನಿಂತ ಟ್ವೆಲ್ವ್ ಅಪಾಸಲ್ಸ್ (ಹನ್ನೆರಡು ಶಿಷ್ಯರು) ಎಂಬ ಬಂಡೆಗಳನ್ನು ಕಂಡದ್ದು ಕತ್ತಲಲ್ಲಿ. ಕಂಡೆವು ಎನ್ನುವುದೂ ಹೆಚ್ಚೇ.

ಕೆಟ್ಟದ್ದು ಹೊರಡುವಾಗಲೇ. ಬಸ್ಸು ಹೋಟೆಲಿನಿಂದ ಹೋಟೆಲಿಗೆ ಜನರನ್ನು ಹತ್ತಿಸಿಕೊಳ್ಳುತ್ತಾ ಊರು ಬಿಡುವಷ್ಟರಲ್ಲಿ 8.45 ಆಗಿತ್ತು. ಮುಂದೆ ಟಾರ್ಕಿಯಲ್ಲಿ ಒಂದು ಬಟ್ಟೆ ಅಂಗಡಿಯ ಮುಂದೆ 40 ನಿಮಿಷ ನಿಲ್ಲಿಸಿದರು. ಪ್ರವಾಸದ ಪಟ್ಟಿಯಲ್ಲಿ ಇದಕ್ಕೆ 'ಕಡಲ ತೀರದಲ್ಲಿ ವಿರಾಮ' ಎಂಬ ಹೆಸರು. ಕಡಲು ಎಲ್ಲಿದೆ ಎಂದು ಅಮ್ಮ ಕೇಳಿದರು. ಅಂಗಡಿಯ ಹಿಂದೆ ಎಲ್ಲೋ ಇರಬೇಕು ಎಂದೆ.

ಗೈಡ್ ಒಳ್ಳೆಯ ಮಾತುಗಾರ, ಅದನ್ನು ಒಪ್ಪಬೇಕು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಮಡಿದ ಜೊತೆಗಾರರ ನೆನಪಿಗಾಗಿ 1919ರಿಂದ 1932ರವರೆಗೆ ಗುದ್ದಲಿ, ಹಾರೆ ಹಿಡಿದು 243 ಕಿಲೋಮೀಟರ್‌ನ ಈ ರಸ್ತೆ ಕಡಿದ ಕತೆಯನ್ನು ಚೆನ್ನಾಗಿ ಹೇಳಿದ. ಆದರೆ ಕೆನೆಟ್ ರಿವರ್‌ನಲ್ಲಿ ಅವನು ಮಾಡಿದ್ದನ್ನು ಮರೆಯಲಾರೆ. 'ಕೊವಾಲಾ ವೀಕ್ಷಣೆ'ಗೆ ಅಲ್ಲಿ ಸಿಕ್ಕಿದ್ದು ಹದಿನೈದು ನಿಮಿಷ. ನಲವತ್ತಾರು ಜನ ಒಂದೇ ನೀಲಗಿರಿ ಮರದ ಬುಡದಲ್ಲಿ ಕತ್ತು ಹಿಂದಕ್ಕೆ ಬಾಗಿಸಿ ನಿಂತೆವು. ಮೇಲೆ ಕವಲಿನಲ್ಲಿ, ನಮಗೆ ಬೆನ್ನು ತಿರುಗಿಸಿ, ಬೂದು ಬಣ್ಣದ ಒಂದು ಗಂಟು. ಮಳೆಹನಿಗೆ ಬೆನ್ನಿನ ಕೂದಲು ಎಳೆಎಳೆಯಾಗಿ ಅಂಟಿಕೊಂಡಿತ್ತು. ಯಾರೋ ಮುಖ ಕಾಣಿಸುತ್ತಿಲ್ಲ ಎಂದು ಗೊಣಗಿದ್ದೇ ತಡ, ಗೈಡ್ ಜೋರಾಗಿ ಚಪ್ಪಾಳೆ ತಟ್ಟಿ ಸಿಳ್ಳೆ ಹಾಕತೊಡಗಿದ. ನೀಲಗಿರಿ ಎಲೆಯಲ್ಲಿ ಸತ್ವ ಕಡಿಮೆ, ಅರಗಿಸುವುದೂ ಕಷ್ಟ. ಅದಕ್ಕೇ ಆ ಪ್ರಾಣಿ ದಿನಕ್ಕೆ ಹದಿನೆಂಟು, ಇಪ್ಪತ್ತು ಗಂಟೆ ನಿದ್ದೆ ಮಾಡುತ್ತದೆ. ಅದನ್ನು ಎಬ್ಬಿಸಿ ಫೋಟೊ ತೆಗೆಸುವವನಿಗೆ ವನ್ಯಜೀವಿ ಮಾರ್ಗದರ್ಶಿ ಎಂಬ ಬಿಲ್ಲೆ ಬೇರೆ! ಗಂಟು ಒಮ್ಮೆ ಕಿವಿ ಅಲ್ಲಾಡಿಸಿ ಮತ್ತೆ ಗಂಟಾಯಿತು. ಅದರ ಮೇಲೆ ನನಗೆ ಅಭಿಮಾನ ಮೂಡಿತು.

ಅಪೊಲೊ ಬೇಯಲ್ಲಿ ಊಟ ಮುಗಿಯುವಾಗ ಮೂರೂವರೆ. ಮಳೆಕಾಡಿನ ನಡಿಗೆಯನ್ನು 'ಸಮಯದ ಅಭಾವದಿಂದ' ಕೈಬಿಟ್ಟರು. ಟ್ವೆಲ್ವ್ ಅಪಾಸಲ್ಸ್ ತಲುಪಿದಾಗ 5.40. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಐದೂಕಾಲರ ಸುಮಾರಿಗೆ. ಜಾಹೀರಾತಿನಲ್ಲಿ ಬಂಡೆಗಳ ಮೇಲೆ ಹೊಂಬಿಸಿಲು ಬಿದ್ದ ಚಿತ್ರವಿತ್ತಲ್ಲ, ಅದು ರಾತ್ರಿ ಎಂಟೂವರೆಯವರೆಗೂ ಬೆಳಕಿರುವ ಡಿಸೆಂಬರಿನದು! ಗಾಳಿಗೆ ಕಟಕಟೆ ಹಿಡಿದು ನಿಂತೆವು. ಕೆಳಗೆ ನೊರೆ ಬೆಳ್ಳಗೆ ಗೀರಿದಂತೆ ಕಾಣುತ್ತಿತ್ತು, ಅದರಾಚೆ ಆಕಾಶಕ್ಕಿಂತ ತುಸು ಕಪ್ಪಗಿದ್ದ ಎರಡು ಆಕಾರಗಳು. ಹನ್ನೆರಡು ಬಂಡೆಗಳು ಅಲ್ಲಿ ಎಂದೂ ಇರಲಿಲ್ಲ, 2005ರಲ್ಲಿ ಒಂದು ಕುಸಿದೂ ಹೋಯಿತು ಎಂದು ಗೈಡ್ ಮೈಕಿನಲ್ಲಿ ಹೇಳಿದ. "ಎರಡಾದರೂ ಉಳಿದಿವೆಯಲ್ಲ, ಪುಣ್ಯ" ಎಂದರು ಅಮ್ಮ.

ಕತ್ತಲಾದದ್ದರಿಂದ ಒಂದು ಲಾಭವಾಗಬಹುದಿತ್ತು. ಮುಸ್ಸಂಜೆಯ ಮೇಲೆ ಅಲ್ಲಿನ ದಂಡೆಗೆ ಪುಟ್ಟ ಪೆಂಗ್ವಿನ್‌ಗಳು ಕಡಲಿನಿಂದ ಮರಳುತ್ತವೆ. ಆದರೆ ಇಪ್ಪತ್ತೈದು ನಿಮಿಷಕ್ಕೇ ಎಲ್ಲರನ್ನೂ ಬಸ್ಸಿಗೆ ಕೂಗಿದರು. ಲಾಕ್ ಆರ್ಡ್ ಕಮರಿಯೂ ರದ್ದಾಯಿತು. 1878ರಲ್ಲಿ ಹಡಗು ಒಡೆದು 54 ಜನರಲ್ಲಿ ಇಬ್ಬರೇ ಬದುಕುಳಿದ ಜಾಗ ಅದು. ಅಮ್ಮ ಬಹಳ ಆಸೆಯಿಟ್ಟುಕೊಂಡಿದ್ದರು. ಜಾಹೀರಾತಿನ ತಿಮಿಂಗಿಲದ ವಿಷಯ ಕೇಳಿದೆ. ಚಳಿಗಾಲದಲ್ಲಿ ಅವು ದಡದ ಹತ್ತಿರ ಬರುವುದು ವಾರ್ನಂಬೂಲ್‌ನ ಲೋಗನ್ಸ್ ಬೀಚ್‌ಗೆ, ಇನ್ನೂ ಸುಮಾರು ಒಂದು ಗಂಟೆಯ ದಾರಿ. ನಮ್ಮ ಬಸ್ಸು ಅಪಾಸಲ್ಸ್‌ನಿಂದಲೇ ಹಿಂದಿರುಗುವುದಿತ್ತು. ಅಂದರೆ ತಿಮಿಂಗಿಲ ಬರಿಯ ಚಿತ್ರಕ್ಕಷ್ಟೇ.

ನೀವು ಹೋಗುವುದಾದರೆ ಸ್ಥಳಗಳ ಪಟ್ಟಿಗೆ ಮರುಳಾಗಬೇಡಿ. ಅಪಾಸಲ್ಸ್ ತಲುಪುವುದು ಎಷ್ಟು ಗಂಟೆಗೆ, ಅಲ್ಲಿ ಎಷ್ಟು ನಿಮಿಷ ನಿಲ್ಲಿಸುತ್ತಾರೆ ಎಂದು ಬರಹದಲ್ಲಿ ಕೇಳಿ, ಅಂದಿನ ಸೂರ್ಯಾಸ್ತದ ಜೊತೆ ತಾಳೆ ನೋಡಿ. ಕೆಲವರು ಉಲ್ಟಾ ದಾರಿ ಹಿಡಿಯುತ್ತಾರೆ: ಮೊದಲು ಒಳನಾಡಿನ ಕೊಲಾಕ್ ಮೂಲಕ ನೇರ ಅಪಾಸಲ್ಸ್‌ಗೆ, ಸುಮಾರು ಮೂರು ಗಂಟೆಯ ದಾರಿ, ಆಮೇಲೆ ಕರಾವಳಿ ಹಿಡಿದು ವಾಪಸು. ಚಳಿಗಾಲಕ್ಕೆ ಅದೇ ಸರಿ. ವಯಸ್ಸಾದವರು ಜೊತೆಗಿದ್ದರೆ ಅಪಾಸಲ್ಸ್ ಹತ್ತಿರದ ಊರಾದ ಪೋರ್ಟ್ ಕ್ಯಾಂಬೆಲ್‌ನಲ್ಲಿ ಒಂದು ರಾತ್ರಿ ತಂಗಿ.

ಹಣ ವಾಪಸು ಕೇಳಿ ಬರೆದೆ. ಹವಾಮಾನ ಮತ್ತು ಸಮಯಕ್ಕೆ ತಕ್ಕಂತೆ ಕಾರ್ಯಕ್ರಮ ಬದಲಾಗಬಹುದೆಂದು ನಿಯಮದಲ್ಲೇ ಇದೆ ಎಂದು ಉತ್ತರ ಬಂತು. ಜೊತೆಗೆ ಇದೇ ಪ್ರವಾಸವನ್ನು ಮತ್ತೆ ಮಾಡಿದರೆ ಶೇಕಡ 10 ರಿಯಾಯಿತಿಯಂತೆ, ಆಗಸ್ಟ್ ಕೊನೆಯವರೆಗೆ ಮಾತ್ರ.