ಪೆಂಟಾಕ್ಸ್ ಕೆ1000: ಕಾಫಿ ಕಣದಲ್ಲಿ ಬೆಳಕು ಕಲಿಸಿದ ಕ್ಯಾಮೆರಾ

ಫಿಲಂ ಫೋಟೋಗ್ರಫಿ ಕಲಿಯಬೇಕು, ಯಾವ ಕ್ಯಾಮೆರಾ ತಗೊಳ್ಳಲಿ ಎಂದು ಕೇಳಿದವರಿಗೆಲ್ಲ ನಾನು ಒಂದೇ ಹೆಸರು ಹೇಳುತ್ತೇನೆ. ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ ಹಲವು ಮಳೆಗಾಲ ಕಂಡ ಕೆ1000 ಇದು. ಜತೆಗಿರುವುದು 50 ಎಂಎಂ ಎಫ್ 2 ಲೆನ್ಸ್ ಮಾತ್ರ. ಬೇರೆ ಲೆನ್ಸ್ ಬೇಕು ಅನ್ನಿಸಿಲ್ಲ.

1976ರಲ್ಲಿ ಬಂದ ಮಾಡೆಲ್, 1997ರವರೆಗೆ ತಯಾರಾಯಿತು. ಹಾಗಾಗಿ ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಆಟೋ ಅನ್ನುವುದು ಇದರಲ್ಲಿ ಏನೂ ಇಲ್ಲ. ಫೋಕಸ್, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ), ಶಟರ್ (ಬೆಳಕನ್ನು ಕ್ಷಣಕಾಲ ಒಳಬಿಡುವ ಪರದೆ) ಎಲ್ಲವನ್ನೂ ನಾವೇ ತಿರುಗಿಸಬೇಕು. ವ್ಯೂಫೈಂಡರಿನ ಬಲಬದಿಯಲ್ಲಿ ಬೆಳಕು ಅಳೆಯುವ ಮೀಟರಿನ ಒಂದು ಮುಳ್ಳಿದೆ. ಬೆಳಕು ಜಾಸ್ತಿಯಾದರೆ ಮೇಲೇರುತ್ತದೆ, ಕಮ್ಮಿಯಾದರೆ ಕೆಳಗಿಳಿಯುತ್ತದೆ. ಎಲ್‌ಆರ್44 ಬಟನ್ ಸೆಲ್ ಬೇಕಾಗುವುದು ಆ ಮುಳ್ಳಿಗೆ ಮಾತ್ರ. ಸೆಲ್ ಸತ್ತರೂ ಒಂದು ಸೆಕೆಂಡಿನಿಂದ 1/1000ರವರೆಗೆ ಶಟರ್ ಪೂರ್ತಿ ಕೆಲಸ ಮಾಡುತ್ತದೆ. ಜುಲೈನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಆಗಲೂ ಇದನ್ನು ಹೆಗಲಿಗೆ ಹಾಕಿಕೊಂಡು ಹೊರಡಬಹುದು.

ಮುಳ್ಳು ನಡುವೆ ನಿಂತರೆ ಫೋಟೋ ಸರಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ನಿಜ. ಉಳಿದರ್ಧ ನನಗೆ ಅರ್ಥವಾಗಿದ್ದು ಮನೆ ಮುಂದಿನ, ಕಾಫಿ ಒಣಗಿಸುವ ಕಣದಲ್ಲಿ. ಜನವರಿಯಲ್ಲಿ ಒಂದು ಕಡೆ ಅರೇಬಿಕಾ ಪಾರ್ಚ್‌ಮೆಂಟ್ ಒಣಗುತ್ತಿರುತ್ತದೆ, ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ, ತಿಳಿ ಬಣ್ಣ. ಪಕ್ಕದಲ್ಲೇ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತದ ಹಣ್ಣು, ಒಣಗಿ ಕಪ್ಪಾಗಿರುತ್ತದೆ. ಎರಡರ ಮೇಲೂ ಬೀಳುವುದು ಒಂದೇ ಬಿಸಿಲು. ಆದರೆ ಕ್ಯಾಮೆರಾವನ್ನು ಪಾರ್ಚ್‌ಮೆಂಟ್ ಕಡೆ ತಿರುಗಿಸಿದರೆ ಮುಳ್ಳು ಮೇಲೆ ಹಾರುತ್ತದೆ, ಚೆರಿ ಕಡೆ ತಿರುಗಿಸಿದರೆ ಕೆಳಗೆ ಬೀಳುತ್ತದೆ. ಯಾಕೆಂದರೆ ಎದುರಿಗಿರುವುದು ಏನೇ ಇರಲಿ, ಅದು ನಡು ಬೂದು ಬಣ್ಣದ್ದು ಎಂದುಕೊಂಡೇ ಮೀಟರ್ ಅಳೆಯುತ್ತದೆ. ಮುಳ್ಳಿನ ಮಾತು ಕೇಳಿದರೆ ಪಾರ್ಚ್‌ಮೆಂಟ್ ಮಂಕಾಗುತ್ತದೆ, ಚೆರಿ ಬೆಳ್ಳಗಾಗುತ್ತದೆ. ಅದಕ್ಕೆ ನಾನು ಅದೇ ಬಿಸಿಲಿಗೆ ಅಂಗೈ ಹಿಡಿದು ಅಳೆಯುತ್ತೇನೆ. ಅಂಗೈ ನಡು ಬೂದಿಗಿಂತ ಸುಮಾರು ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಬೆಳ್ಳಗೆ. ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಟ್ಟರೆ ಸಾಕು, ಪಾರ್ಚ್‌ಮೆಂಟ್, ಚೆರಿ, ಕಣ ಕೆದಕುವ ಅಕ್ಕನ ಮುಖ, ಮೂರೂ ಸರಿಯಾಗಿ ಬರುತ್ತವೆ.

ಇದು ಗೊತ್ತಾದ ಮೇಲೆ ಕೊಡಗಿನ ಅರ್ಧ ಕಷ್ಟ ಕಳೆದ ಹಾಗೆ. ಬೆಳಗಿನ ಮಂಜು, ಹೂಮಳೆ ಬಿದ್ದ ವಾರದ ಮೇಲೆ ಬೆಳ್ಳಗಾಗುವ ಕಾಫಿ ಗಿಡ, ಎರಡಕ್ಕೂ ಮುಳ್ಳು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಜಾಸ್ತಿ ಬೇಕು. ಹೊಗೆ ಹಿಡಿದ ಅಡುಗೆಮನೆಗೆ ಇದರ ಉಲ್ಟಾ.

ಫಿಲಂ ವಿಷಯಕ್ಕೆ ಬಂದರೆ, ನೆರಳು ಮರದ ಕೆಳಗೆ ಐಎಸ್ಒ 100 ಅಥವಾ 200ರ ರೀಲು ಒದ್ದಾಡುತ್ತದೆ (ಈ ಸಂಖ್ಯೆ ಹೆಚ್ಚಿದ್ದಷ್ಟೂ ಫಿಲಂಗೆ ಕಮ್ಮಿ ಬೆಳಕು ಸಾಕು). ಮೋಡದ ದಿನ ತೋಟದೊಳಗೆ 400ರ ಫಿಲಂಗೂ 1/60, ಎಫ್ 2.8 ಬೇಕಾಗುತ್ತದೆ. ನಾನು ಹಾಕುವುದು ಹೆಚ್ಚಾಗಿ ಇಲ್ಫರ್ಡ್ ಎಚ್‌ಪಿ5 ಪ್ಲಸ್, ಕಪ್ಪು ಬಿಳುಪು. ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಯ್ಲಿನ ಹೊತ್ತಿಗೆ ಗಿಡದ ತುಂಬ ಕೆಂಪು ಹಣ್ಣು ನೋಡಿ ಯಾರಿಗಾದರೂ ಕೈ ತಡೆಯುವುದಿಲ್ಲ. ಆದರೆ ಕಪ್ಪು ಬಿಳುಪಿನಲ್ಲಿ ಆ ಕೆಂಪು, ಆ ಹಸಿರು ಹೆಚ್ಚುಕಮ್ಮಿ ಒಂದೇ ಬೂದು! ಹಣ್ಣು ಎಲೆಯೊಳಗೆ ಕಳೆದುಹೋಗುತ್ತದೆ. ಈ ಲೆನ್ಸಿಗೆ 49 ಎಂಎಂ ಫಿಲ್ಟರ್ ಕೂರುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಎಲೆ ಕಪ್ಪಾಗಿ, ಹಣ್ಣು ಬೆಳ್ಳಗೆ ಎದ್ದು ಕಾಣುತ್ತದೆ. ಮೂರು ಸ್ಟಾಪ್ ಬೆಳಕು ಹೋಗುತ್ತದೆ, ಹಾಗಾಗಿ ನೆರಳಲ್ಲಿ ಟ್ರೈಪಾಡ್ ಬೇಕು. ಬಣ್ಣವನ್ನು ಮರೆತು ಬೆಳಕನ್ನು ನೋಡುವ ಅಭ್ಯಾಸ ನನಗೆ ಬಂದಿದ್ದು ಆ ಹಣ್ಣುಗಳಿಂದ.

ರೀಲು ತೊಳೆಸುವುದು ಕಷ್ಟದ ಕೆಲಸ. ಬಣ್ಣದ್ದನ್ನು ಬೆಂಗಳೂರಿಗೆ ಕೊರಿಯರ್ ಮಾಡುತ್ತೇನೆ. ಒಂದು ಲ್ಯಾಬಿನಿಂದ ನೆಗೆಟಿವ್ ಉದ್ದಕ್ಕೂ ಗೀರು ಬಿದ್ದು ಬಂತು, ಅಜ್ಜಿಯ ಕೊನೆಯ ಹುತ್ತರಿ ಹಬ್ಬದ ಫೋಟೋಗಳು ಅದರಲ್ಲಿದ್ದವು. ಆಮೇಲೆ ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯಲು ಕಲಿತೆ. ಚೇಂಜಿಂಗ್ ಬ್ಯಾಗ್ (ಬೆಳಕು ನುಗ್ಗದ ಚೀಲ), ಟ್ಯಾಂಕ್, ಥರ್ಮಾಮೀಟರ್, ಚಿತ್ರ ಮೂಡಿಸುವ ಡಿ-76 ಪುಡಿ, ಮೂಡಿದ್ದನ್ನು ಉಳಿಸುವ ಹೈಪೋ ಇಷ್ಟಿದ್ದರೆ ಸಾಕು. ಎಚ್‌ಪಿ5ಗೆ ನೀರು ಬೆರೆಸದ ಡಿ-76ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಬಯಲುಸೀಮೆಯಲ್ಲಿ ಇದಕ್ಕೆ ಐಸ್ ಹುಡುಕಬೇಕು. ನಮ್ಮಲ್ಲಿ ವರ್ಷದ ಹೆಚ್ಚು ದಿನ ನಲ್ಲಿ ನೀರೇ ಅದರ ಹತ್ತಿರ ಇರುತ್ತದೆ.

ಕ್ಯಾಮೆರಾದ ಕೊರತೆಗಳೂ ಇವೆ. ಮೀಟರ್ ಆಫ್ ಮಾಡುವ ಸ್ವಿಚ್ ಇಲ್ಲ, ಕ್ಯಾಪ್ ಹಾಕದಿದ್ದರೆ ಸೆಲ್ ಖಾಲಿಯಾಗುತ್ತದೆ. ಶಟರ್ ಸ್ಪೀಡ್ ಎಷ್ಟಿದೆ ಎಂದು ಒಳಗೆ ಕಾಣುವುದಿಲ್ಲ, ಕಣ್ಣು ತೆಗೆದು ಮೇಲೆ ನೋಡಬೇಕು. ಸೆಲ್ಫ್ ಟೈಮರ್ ಇಲ್ಲ. ಶುಕ್ರವಾರದ ಸಂತೆಯಲ್ಲಿ ಗಂಟೆಗಟ್ಟಲೆ ಸುತ್ತಿದರೆ ಕುತ್ತಿಗೆ ನೋಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಕೇಸಿನಲ್ಲಿಟ್ಟರೆ ಲೆನ್ಸಿಗೆ ಬೂಷ್ಟು ಬರುವುದು ಖಂಡಿತ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆ ಬಾಣಲೆ ಅಡುಗೆಗೆ ಬೇಡ. ಫ್ರಿಜ್ಜಿನಲ್ಲಿಟ್ಟ ರೀಲನ್ನು ಹೊರಗೆ ತೆಗೆದ ತಕ್ಷಣ ಡಬ್ಬಿ ತೆರೆಯಬೇಡಿ, ತಣ್ಣಗಿರುವಾಗ ನೀರು ಕೂರುತ್ತದೆ.

ಜನರ ಫೋಟೋ ತೆಗೆದಾಗ "ಎಲ್ಲಿ, ತೋರಿಸಿ ಅಣ್ಣ" ಎಂದು ಹಿಂಬದಿ ನೋಡಲು ಬರುತ್ತಾರೆ. ತೋರಿಸಲು ಏನೂ ಇಲ್ಲ. ಅದಕ್ಕೆ ಪ್ರಿಂಟ್ ಹಾಕಿಸಿ ಕೊಡುತ್ತೇನೆ. ತೋಟದ ಕೆಲಸದವರಿರುವ ನಮ್ಮ ಲೈನ್ ಮನೆಗಳ ಗೋಡೆಯಲ್ಲಿ ಈಗ ಈ ಕ್ಯಾಮೆರಾದ ಫೋಟೋಗಳಿವೆ, ಮದುವೆಯದ್ದಲ್ಲ, ಹಬ್ಬದ್ದಲ್ಲ, ಸುಮ್ನೆ ಕೂತಿದ್ದಾಗ ತೆಗೆದದ್ದು. ಅದು ನನಗೆ ತುಂಬ ಸಂತೋಷದ ವಿಷಯ.

2024ರಲ್ಲಿ ಬಂದ ಪೆಂಟಾಕ್ಸ್ 17 ಹೊಸದಾಗಿಯೇ ಸಿಗುತ್ತದೆ, ಹಾಫ್ ಫ್ರೇಮ್, ಅಂದರೆ ಒಂದು ಫೋಟೋದ ಜಾಗದಲ್ಲಿ ಎರಡು, ಆದ್ದರಿಂದ 36ರ ರೀಲಿನಲ್ಲಿ 72 ಫೋಟೋ. ಫಿಲಂ ಬೆಲೆ ನೋಡಿದರೆ ಆಸೆಯಾಗುವುದು ಸಹಜ. ಆದರೆ ಅದರಲ್ಲಿ ಬೆಳಕಿನ ಲೆಕ್ಕ ಕ್ಯಾಮೆರಾವೇ ಮಾಡುತ್ತದೆ. ಕಲಿಯುವ ಆಸೆ ಇದ್ದವರಿಗೆ ಕೆ1000 ಸರಿ. ಕೊಳ್ಳುವಾಗ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ನೋಡಿ. ಹಿಂಬದಿ ಬಾಗಿಲಿನ ಫೋಮ್ ಮುಟ್ಟಿ, ಅಂಟಂಟಾಗಿದ್ದರೆ ಬದಲಿಸಬೇಕು, ಇಲ್ಲದಿದ್ದರೆ ಬೆಳಕು ಸೋರುತ್ತದೆ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಮಧ್ಯದಲ್ಲೇ ಸಿಕ್ಕಿಕೊಂಡರೆ ಆ ಕ್ಯಾಮೆರಾ ಬಿಟ್ಟು ಇನ್ನೊಂದು ನೋಡಿ.