ರಾಜಿ: ಆನ್ ಏನ್ಷಿಯಂಟ್ ಎಪಿಕ್ – ಹಲವು ವರ್ಷ ಆಡಿದ ಮೇಲೆ

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಯಾರಿಸಿದ ಈ ವಿಡಿಯೋ ಆಟವು 2020ರ ಆಗಸ್ಟ್‌ನಲ್ಲಿ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರಕ್ಕೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಪ್ಯೂಟರ್, ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳಿಗೂ ಬಂತು. ನಮ್ಮೂರಿನಲ್ಲೇ ಆದ ಆಟವೆಂಬ ಅಭಿಮಾನದಿಂದ ಆಗಲೇ ಕೊಂಡಿದ್ದೆ. ಅಂದಿನಿಂದ ಇಂದಿನವರೆಗೆ ಆಗಾಗ ಮರಳಿ ಆಡುತ್ತ ಬಂದಿದ್ದೇನೆ. ಇದರ ಚಿತ್ರಕಲೆ, ಹೊಡೆದಾಟ, ಒಗಟುಗಳ ಬಗ್ಗೆ ಹಲವರು ಬರೆದಿರುವುದರಿಂದ ನಾನು ಒಂದೇ ಸಂಗತಿಗೆ ಸೀಮಿತಳಾಗುತ್ತೇನೆ: ಹೆಣ್ಣೊಬ್ಬಳನ್ನು ನಾಯಕಿಯಾಗಿ ನಿಲ್ಲಿಸಿದ ಈ ಆಟ ಆಕೆಯನ್ನು ಹೇಗೆ ತೋರಿಸುತ್ತದೆ?

ಕಥೆ ಸರಳ. ರಾಜಿ ಸರ್ಕಸ್ಸಿನಲ್ಲಿ ಬೆಳೆದ ಹುಡುಗಿ. ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಬಿಡಿಸಿಕೊಳ್ಳಲು ದುರ್ಗೆ ಕೊಟ್ಟ ತ್ರಿಶೂಲ ಹಿಡಿದು ಮಹಾಬಲಾಸುರನತ್ತ ಹೊರಡುತ್ತಾಳೆ.

ಆಟದ ಅತಿ ದೊಡ್ಡ ಗುಣ ಅದರ ಕ್ಯಾಮೆರಾ, ಎಂದರೆ ಪರದೆಯ ಮೇಲೆ ನಾವು ಆಟವನ್ನು ನೋಡುವ ಕೋನ. ಅದು ದೂರದಲ್ಲಿ, ಎತ್ತರದಲ್ಲಿ ನಿಂತಿರುತ್ತದೆ. ಅದನ್ನು ತಿರುಗಿಸುವ ಅಧಿಕಾರ ಆಟಗಾರನಿಗಿಲ್ಲ. ಗಣಪತಿ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯ ಯಾವುದೋ ಮಹಡಿಯಲ್ಲಿ ನಿಂತು ಕೆಳಗೆ ಡೋಲು ಬಾರಿಸುತ್ತ ಸಾಗುವ ಢೋಲ್ ಪಥಕದ ಹುಡುಗಿಯರನ್ನು ನೋಡುವಾಗ ಹೇಗೆ ಮುಖ-ಮೈಗಳಿಗಿಂತ ಕೈಬೀಸು, ಹೆಜ್ಜೆ, ಲಯಗಳೇ ಕಣ್ಣಿಗೆ ಬೀಳುತ್ತವೆಯೋ, ಇಲ್ಲಿಯೂ ಹಾಗೆಯೇ. ರಾಜಿ ಗೋಡೆಯ ಮೇಲೆ ಓಡುತ್ತಾಳೆ, ಕಂಬ ಹಿಡಿದು ಸುತ್ತಿ ಅಸುರರ ನಡುವೆ ಎರಗುತ್ತಾಳೆ. ಸರ್ಕಸ್ಸಿನ ಹುಡುಗಿಯೆಂಬುದು ಹೇಳಿಕೆಯಲ್ಲಿ ಉಳಿಯದೆ ಚಲನೆಯಲ್ಲಿ ಕಾಣುತ್ತದೆ. ಆಕೆಯ ದೇಹ ಕೆಲಸ ಮಾಡುವ ದೇಹ, ಪ್ರದರ್ಶನಕ್ಕಿಟ್ಟದ್ದಲ್ಲ.

ಇದು ಏಕೆ ಮುಖ್ಯವೆಂದರೆ, ಆಟಗಳಲ್ಲಿ ಹೆಣ್ಣನ್ನು ಭೋಗದ ವಸ್ತುವಾಗಿಸುವ ಚರ್ಚೆ ಬಂದಾಗಲೆಲ್ಲ ನಾವು ಬಟ್ಟೆಯ ಅಳತೆಗೆ ತೊಡಗುತ್ತೇವೆ. ಅಳತೆಯೂ ಬೇಕು, ಇಲ್ಲವೆನ್ನುವುದಿಲ್ಲ. 1986ರ ಮೆಟ್ರಾಯ್ಡ್ ಆಟವನ್ನು ಒಂದು ಗಂಟೆಯೊಳಗೆ ಮುಗಿಸಿದವರಿಗೆ ಅದರ ನಾಯಕಿ ಸಾಮಸ್ ತನ್ನ ಕವಚ ಕಳಚಿ ಬಿಕಿನಿಯಲ್ಲಿ ನಿಲ್ಲುತ್ತಿದ್ದಳು, ಎಂದರೆ ಆಕೆಯ ದೇಹವೇ ಆಟಗಾರನಿಗೆ ಸಿಗುವ ಬಹುಮಾನ. 1996ರಲ್ಲಿ ಬಂದ ಟೂಂಬ್ ರೈಡರ್ ಆಟದ ನಾಯಕಿ ಲಾರಾ ಕ್ರಾಫ್ಟ್‌ಳನ್ನು ರೂಪಿಸಿದ ಟೋಬಿ ಗಾರ್ಡ್ ಮರುವರ್ಷವೇ ಆ ಆಟ ತಯಾರಿಸಿದ ಸಂಸ್ಥೆ ಬಿಟ್ಟರು. ಜಾಹೀರಾತುಗಳು ಆಕೆಯನ್ನು ಬಳಸಿಕೊಂಡ ರೀತಿ ಅವರಿಗೆ ಹಿಡಿಸದಿದ್ದುದೂ ಅದಕ್ಕೊಂದು ಕಾರಣವಾಗಿತ್ತು. 2015ರ ಮೆಟಲ್ ಗೇರ್ ಸಾಲಿಡ್ 5ರಲ್ಲಿ ಕ್ವಯಟ್ ಎಂಬ ಗುರಿಕಾರ್ತಿ ಚರ್ಮದ ಮೂಲಕ ಉಸಿರಾಡುತ್ತಾಳೆ, ಆದ್ದರಿಂದ ಬಟ್ಟೆ ತೊಡುವಂತಿಲ್ಲ ಎಂಬ ಸಮಜಾಯಿಷಿ ಕೊಟ್ಟಿದ್ದಾರೆ. ಬಿಕಿನಿ ಮೊದಲು ನಿರ್ಧಾರವಾಗಿ, ವಿಜ್ಞಾನ ಆಮೇಲೆ ಹುಟ್ಟಿತೆಂದು ನನ್ನ ಗುಮಾನಿ.

ಆದರೆ ಮೈ ಮುಚ್ಚಿದೊಡನೆ ಸಮಸ್ಯೆ ತೀರುವುದಿಲ್ಲ. 2013ರ ಟೂಂಬ್ ರೈಡರ್‌ನಲ್ಲಿ ಲಾರಾಳ ಉಡುಪು ಸಹಜವಾಯಿತು, ಕಥೆಯನ್ನು ಬರೆದವರಲ್ಲಿ ರಿಯಾನಾ ಪ್ರಾಚೆಟ್ ಪ್ರಮುಖರು. ಆದರೂ ಆಟಗಾರ ಎಡವಿದಾಗಲೆಲ್ಲ ಆಕೆ ಮೊನೆಗಳಿಗೆ ಚುಚ್ಚಿಕೊಂಡು ನರಳಿ ಸಾಯುವುದನ್ನು ಕ್ಯಾಮೆರಾ ಹತ್ತಿರದಿಂದ, ಆತುರವಿಲ್ಲದೆ ತೋರಿಸುತ್ತದೆ. ಇದಕ್ಕೆ ಎದುರಾಗಿ, 2009ರ ಬೇಯೊನೆಟ್ಟಾ ಆಟದ ಅದೇ ಹೆಸರಿನ ನಾಯಕಿಯ ರೂಪವನ್ನು ರಚಿಸಿದವರು ಮಾರಿ ಶಿಮಾಝಾಕಿ ಎಂಬ ಕಲಾವಿದೆ. ಆ ಪಾತ್ರದ ಶೃಂಗಾರ ಅತಿರೇಕದ್ದೇ, ಆದರೆ ಆಟದುದ್ದಕ್ಕೂ ತನ್ನ ಅಂದದಿಂದ ಎದುರಾಳಿಯನ್ನು ಗೇಲಿ ಮಾಡುವವಳು ಆಕೆಯೇ. ಅದನ್ನು ಒಪ್ಪುವ ಹೆಂಗಸರೂ ಇದ್ದಾರೆ, ಹೇಸುವವರೂ ಇದ್ದಾರೆ; ಆ ಕ್ಯಾಮೆರಾ ಇಳಿಯುವ ಜಾಗಗಳನ್ನು ನೋಡಿದರೆ ನಾನು ಎರಡನೆಯವರ ಕಡೆಗೇ ವಾಲುತ್ತೇನೆ.

ಹೀಗೆ ಹೋಲಿಸಿದಾಗ ರಾಜಿಗೆ ಪೂರ್ಣ ಅಂಕ ಕೊಡಬೇಕೆನಿಸುತ್ತದೆ. ಮೊದಲ ಸಲ ಆಡಿದಾಗ ನಾನು ಕೊಡುತ್ತಿದ್ದೆ ಕೂಡ. ಮತ್ತೆ ಮತ್ತೆ ಆಡಿದಂತೆ ಬೇರೊಂದು ಕೊರತೆ ಎದ್ದು ಕಾಣತೊಡಗಿತು. ಆಟದ ನಿರೂಪಕರು ದುರ್ಗೆ ಮತ್ತು ವಿಷ್ಣು. ರಾಜಿ ಎಷ್ಟು ಧೈರ್ಯವಂತೆ, ಆಕೆಯನ್ನೇ ಏಕೆ ಆರಿಸಬೇಕಾಯಿತು, ಮುಂದೇನು ಕಾದಿದೆ ಎಂಬುದನ್ನೆಲ್ಲ ಅವರಿಬ್ಬರೇ ಮೇಲೆ ನಿಂತು ಮಾತಾಡಿಕೊಳ್ಳುತ್ತಾರೆ. ಸೊಲ್ಲಾಪುರದಿಂದ ರಜೆಗೆ ಬರುವ ನನ್ನ ಅಣ್ಣನ ಮಗಳು ಆಡುತ್ತಾಡುತ್ತ ಕೇಳಿದ್ದಳು: “ಅತ್ತಿ, ಎಲ್ಲಾ ದೇವರ ಮಾತಾಡ್ತಾರಲ್ಲ, ಈಕಿ ಯಾವಾಗ ಮಾತಾಡ್ತಾಳ?” ಆಕೆಯ ಪ್ರಶ್ನೆ ಸರಿಯಾಗಿಯೇ ಇತ್ತು. ರಾಜಿಯ ಬಾಯಲ್ಲಿ ಬರುವ ಅಲ್ಪಸ್ವಲ್ಪ ಮಾತಿನಲ್ಲಿ ತಮ್ಮನ ಚಿಂತೆಯ ಹೊರತು ಹೆಚ್ಚೇನೂ ಇಲ್ಲ. ಆಕೆಗೆ ಸಿಟ್ಟು ಬರುತ್ತದೆಯೇ, ದೇವರುಗಳ ಬಗ್ಗೆ ಅನುಮಾನವಿದೆಯೇ, ತಮ್ಮ ಸಿಕ್ಕ ಮೇಲೆ ತನಗಾಗಿ ಏನಾದರೂ ಬೇಕೆನಿಸುತ್ತದೆಯೇ ಎಂಬುದು ತಿಳಿಯುವುದೇ ಇಲ್ಲ. ಕಣ್ಣಿಗೆ ಹಬ್ಬವಾಗಿಸದ ಹೆಣ್ಣನ್ನು ತ್ಯಾಗಮಯಿ ಅಕ್ಕನಾಗಿಸಿ ಬಿಟ್ಟುಬಿಡುವುದು ನಮ್ಮ ಕಥೆಗಳಿಗೆ ಬಹಳ ಹಳೆಯ ಅಭ್ಯಾಸ. 2017ರ ಹೊರೈಜನ್ ಝೀರೊ ಡಾನ್ ಆಟದಲ್ಲಿ ನಾಯಕಿ ಏಲಾಯ್ ತನ್ನ ತಾಯಿ ಯಾರೆಂದು ಹುಡುಕುತ್ತ, ಕಂಡದ್ದನ್ನೆಲ್ಲ ಪ್ರಶ್ನಿಸುತ್ತ, ಕೆಲವೊಮ್ಮೆ ಕಿವಿ ನೋಯುವಷ್ಟು ತನ್ನಲ್ಲೇ ವಟಗುಟ್ಟುತ್ತ ನಡೆಯುತ್ತಾಳೆ. ಆ ವಟವಟದಿಂದಲೇ ಆಕೆ ಒಬ್ಬ ವ್ಯಕ್ತಿಯಾಗುತ್ತಾಳೆ. ಏಲಾಯ್‌ಗೆ ಸಿಕ್ಕ ಹಣದ ಒಂದು ತುಣುಕೂ ರಾಜಿಯ ತಂಡಕ್ಕೆ ಇರಲಿಲ್ಲ, ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಜನರಿಂದ ಹಣ ಕೂಡಿಸಲು 2017ರಲ್ಲಿ ನಡೆಸಿದ ನಿಧಿಸಂಗ್ರಹವೂ ಗುರಿ ಮುಟ್ಟಲಿಲ್ಲ ಎಂಬುದು ನಿಜ. ಆದರೆ ನಾಯಕಿಗೆ ನಾಲ್ಕು ಮಾತು ಬರೆದುಕೊಡಲು ಬೇಕಿದ್ದುದು ಹಣವಲ್ಲ.

ಇನ್ನು ಕೊಳ್ಳುವವರಿಗೆ ಉಪಯೋಗವಾಗುವ ಮಾತು. ಆಟ ನಾಲ್ಕೈದು ಗಂಟೆಗಳಲ್ಲಿ ಮುಗಿಯುತ್ತದೆ, ಕೊನೆ ತುಸು ಹಠಾತ್ತಾಗಿ ಬರುತ್ತದೆ. 2022ರ ಪರಿಷ್ಕೃತ ಆವೃತ್ತಿಯಲ್ಲಿ ಹಿಂದಿ ಧ್ವನಿ ಸೇರಿದ್ದು, ಇಂಗ್ಲಿಷಿಗಿಂತ ಅದರಲ್ಲಿ ರಾಜಿಯ ದನಿ ಹೆಚ್ಚು ಸಹಜವಾಗಿ ಕೇಳಿಸುತ್ತದೆ. ಆಡುವವರು ಅದನ್ನೇ ಆರಿಸಿಕೊಳ್ಳಲಿ. ಮೊಬೈಲಿನ ಉಚಿತ ಆಟಗಳ ನಡುವೆ ಬರುವ ಅರೆಬೆತ್ತಲೆ ಜಾಹೀರಾತುಗಳಿಂದ ಬೇಸತ್ತು, ಹತ್ತು ದಾಟಿದ ಹೆಣ್ಣುಮಕ್ಕಳ ಕೈಗೆ ಏನು ಕೊಡುವುದೆಂದು ಕೇಳುವ ತಾಯಂದಿರಿಗೆ ಇದನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಐದರಲ್ಲಿ ಮೂರೂವರೆ ಅಂಕ. ಕಳೆದ ಒಂದೂವರೆಯಲ್ಲಿ ಒಂದು ರಾಜಿಯ ಮೌನಕ್ಕೆ, ಉಳಿದರ್ಧ ಆ ಅವಸರದ ಮುಕ್ತಾಯಕ್ಕೆ.