ಕೊರಿಯಾದಲ್ಲಿ ಇಂಗ್ಲಿಷ್ ಪಾಠ ಮಾಡಲು: ಖಾಸಗಿ ಅಕಾಡೆಮಿಯೋ, ಸರ್ಕಾರಿ ಶಾಲೆಯೋ?

ದಕ್ಷಿಣ ಕೊರಿಯಾದ ಖಾಸಗಿ ಅಕಾಡೆಮಿಗೆ ಹಗ್ವಾನ್ ಅಂತಾರೆ. ಮಕ್ಕಳು ಬರುವುದು ಶಾಲೆ ಬಿಟ್ಟ ಮೇಲೆ ತಾನೇ? ಹಾಗಾಗಿ ಕೆಲಸ ಹೆಚ್ಚಾಗಿ ಮಧ್ಯಾಹ್ನದಿಂದ ರಾತ್ರಿವರೆಗೆ. ರಾಜಧಾನಿ ಸೋಲ್‌ನಲ್ಲಿ ರಾತ್ರಿ 10 ಗಂಟೆಗೆ ಬಾಗಿಲು ಹಾಕಬೇಕೆಂಬ ನಿಯಮವಿದೆ. ತರಗತಿ ಚಿಕ್ಕದು, ಮಕ್ಕಳ ಹೆಸರು ಬೇಗ ಬಾಯಿಗೆ ಬರುತ್ತದೆ. ಊರನ್ನೂ ನೀವೇ ಆರಿಸಿಕೊಳ್ಳಬಹುದು. ರಜೆ ಮಾತ್ರ ಕಡಿಮೆ.

ಸರ್ಕಾರಿ ಶಾಲೆಯಲ್ಲಿ ಹಗಲು ಕೆಲಸ, ವಾರಕ್ಕೆ ಸುಮಾರು 22 ಪೀರಿಯಡ್, ತರಗತಿಯಲ್ಲಿ ಜತೆಗೆ ಕೊರಿಯಾದವರೇ ಒಬ್ಬ ಟೀಚರ್. ರಜೆ ಜಾಸ್ತಿ. ಯಾವ ಶಾಲೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಮೊದಲ ಸಲ ಹೋಗುವವರಿಗೆ ನಾನು ಶಾಲೆಯನ್ನೇ ಹೇಳುತ್ತೇನೆ. ಹಗ್ವಾನ್ ಒಂದೊಂದೂ ಒಂದೊಂದು ಥರ. ವರ್ಷ ತುಂಬಿಸಿ ಕೆಲಸ ಬಿಡುವವರಿಗೆ ಒಂದು ತಿಂಗಳ ಸಂಬಳದಷ್ಟು ಹಣ ಕೊಡಬೇಕೆಂದು ಕಾನೂನಿದೆ. ಅದನ್ನು ತಪ್ಪಿಸಲು 11ನೇ ತಿಂಗಳಲ್ಲೇ ಕೆಲಸದಿಂದ ತೆಗೆಯುವ ಮಾಲೀಕರೂ ಇದ್ದಾರೆ. ಸಹಿ ಹಾಕುವ ಮುಂಚೆ, ಈಗ ಅಲ್ಲೇ ಪಾಠ ಮಾಡುತ್ತಿರುವವರ ಜತೆ ಖಂಡಿತ ಮಾತಾಡಿ.